ಮಂಡಿಪೇಟೆಯ ಅಕ್ಕಿ ಅಂಗಡಿಯಲ್ಲಿ ಟ್ಯಾಲಿ: ಸೋರ್ಸ್ ಫೈಲ್ ನಿಮ್ಮ ಕೈಲಿರಲಿ

ತುಮಕೂರಿನ ಮಂಡಿಪೇಟೆಯಲ್ಲಿ ನಮ್ಮದು ಅಕ್ಕಿ ಹೋಲ್‌ಸೇಲ್ ಅಂಗಡಿ. ಗುಬ್ಬಿ, ಕುಣಿಗಲ್, ಶಿರಾ, ಕೊರಟಗೆರೆ ಕಡೆಯ ಚಿಲ್ಲರೆ ಅಂಗಡಿಗಳಿಗೆ ಮಾಲು ಕಳಿಸುತ್ತೇವೆ. ಲೆಕ್ಕವೆಲ್ಲ ಟ್ಯಾಲಿ ಅನ್ನುವ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲೇ. ಅದರ ಹಳೇ ವರ್ಷನ್ ಇಆರ್‌ಪಿ 9 ಕಾಲದಲ್ಲಿ ಶುರು ಮಾಡಿ ಈಗ ಹೊಸದಾದ ಪ್ರೈಮ್‌ಗೆ ಬಂದಿದ್ದೇವೆ. ಟ್ಯಾಲಿ ಬಗ್ಗೆ ನನಗೆ ದೊಡ್ಡ ತಕರಾರೇನೂ ಇಲ್ಲ. ಅದರ ಮೇಲೆ ನಮ್ಮ ಅಂಗಡಿಗೆ ತಕ್ಕ ಹಾಗೆ ನಾವು ದುಡ್ಡು ಕೊಟ್ಟು ಬರೆಸಿಕೊಳ್ಳುವ ಪ್ರೋಗ್ರಾಮ್, ಅಂದರೆ ಕಸ್ಟಮೈಸೇಶನ್ ಇದೆಯಲ್ಲ, ಅದರ ಬಗ್ಗೆ ಹೇಳುವುದು ಜಾಸ್ತಿ ಇದೆ.

ಮೊದಲು, ಏನನ್ನು ಬರೆಸಬಾರದು ಅನ್ನೋದು. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿವರೆಗಿನ ಅಕ್ಕಿ ಮೂಟೆಗೆ ಶೇ. 5 ಜಿಎಸ್‌ಟಿ ಬಂತು. 25 ಕೆಜಿ ದಾಟಿದರೆ ತೆರಿಗೆ ಇಲ್ಲ. ಅದಕ್ಕೇ 26 ಕೆಜಿ ಮೂಟೆಗಳು ಬಂದವು. ಅದೇ ಮಿಲ್ಲು, ಅದೇ ಸೋನಾ ಮಸೂರಿ. ಒಂದು ಮೂಟೆಗೆ ತೆರಿಗೆ, ಪಕ್ಕದ ಮೂಟೆಗಿಲ್ಲ. ಎರಡೂ ಒಂದೇ ಗಾಡಿಯಲ್ಲಿ, ಒಂದೇ ಗಿರಾಕಿಗೆ ಹೋಗುತ್ತವೆ. ಇದಕ್ಕೆ ಬೇರೆ ಮಾಡ್ಯೂಲ್ ಬೇಕು ಅಂತ ಒಬ್ಬರು ಬಂದು ಕೊಟೇಶನ್ ಕೊಟ್ಟರು. ಏನೂ ಬೇಕಿರಲಿಲ್ಲ. ಸ್ಟಾಕ್ ಗ್ರೂಪ್ ಎರಡು ಮಾಡಿ, ಒಂದಕ್ಕೆ ಶೇ. 5, ಇನ್ನೊಂದಕ್ಕೆ ವಿನಾಯಿತಿ ಅಂತ ಹಾಕಿದರೆ ಬಿಲ್ಲಿನಲ್ಲಿ ತೆರಿಗೆ ತಾನಾಗೇ ಸರಿಯಾಗಿ ಬೀಳುತ್ತದೆ. ಹಮಾಲಿಯೂ ಅಷ್ಟೇ. ಮೂಟೆಗೆ ಇಷ್ಟು ಅಂತ ಲೆಕ್ಕ ಹಾಕಲು ಟ್ಯಾಲಿಯಲ್ಲಿರುವ ವೋಚರ್ ಕ್ಲಾಸ್ ಅನ್ನುವ ಸೆಟ್ಟಿಂಗ್‌ನಲ್ಲೇ ದಾರಿ ಇದೆ. ನಮ್ಮ ಅಕೌಂಟೆಂಟ್ ಹುಡುಗಿ ಅದನ್ನು ಕೂತಲ್ಲೇ ಮಾಡಿ ತೋರಿಸಿದಳು. ಪ್ರೋಗ್ರಾಮ್ ಬರೆಸುವ ಮೊದಲು ಸೆಟ್ಟಿಂಗ್ ತೆರೆಯುವ ಎಫ್11, ಎಫ್12 ಕೀ ಒತ್ತಿ ಒಳಗೆ ಏನೇನಿದೆ ಅಂತ ಒಮ್ಮೆ ಪೂರ್ತಿ ನೋಡಿ. ಕೊಟೇಶನ್‌ನಲ್ಲಿರುವ ಅರ್ಧ ಕೆಲಸ ಅಲ್ಲೇ ಸಿಗುತ್ತದೆ.

ನಿಜವಾಗಿ ಬೇಕಾಗಿದ್ದದ್ದು ಲೋಡಿಂಗ್ ಸ್ಲಿಪ್, ಅಂದರೆ ಗಾಡಿಗೆ ಏನು ತುಂಬಬೇಕು ಅನ್ನುವ ಚೀಟಿ. ಬಿಲ್ ಇಂಗ್ಲಿಷಿನಲ್ಲಿ ಇರುತ್ತದೆ, ಗೋಡೌನ್‌ನಲ್ಲಿ ಮೂಟೆ ಎತ್ತುವವರು ಕನ್ನಡ ಓದುವವರು. "ಅಣ್ಣಾ, ಇದು ಸ್ಟೀಮಾ, ರಾ ನಾ?" ಅಂತ ಗಾಡಿ ಹತ್ತಿರದಿಂದಲೇ ಕೂಗಿ ಕೇಳುತ್ತಿದ್ದರು. ಸ್ಟೀಮ್ ಅಂದರೆ ಹಬೆಯಲ್ಲಿ ಹದ ಮಾಡಿದ ಅಕ್ಕಿ, ರಾ ಅಂದರೆ ಹಾಗೆ ಮಾಡದ್ದು. ಮೂಟೆ ನೋಡಿದರೆ ಎರಡೂ ಒಂದೇ ಥರ. ಸ್ಟೀಮ್ ಕೇಳಿದವರಿಗೆ ರಾ ಹೋದರೆ ಶಿರಾದಿಂದ ಗಾಡಿ ಬಾಡಿಗೆ ಕೊಟ್ಟು ವಾಪಸ್ ತರಿಸಬೇಕು. ಈಗ ಬಿಲ್ ಸೇವ್ ಆದ ಕೂಡಲೇ ಸ್ಲಿಪ್ ಬರುತ್ತದೆ. ಮಾಲಿನ ಹೆಸರು ಕನ್ನಡದಲ್ಲಿ ದಪ್ಪಕ್ಷರದಲ್ಲಿರುತ್ತದೆ. ಯಾವ ಗೋಡೌನ್, ಎಷ್ಟು ಮೂಟೆ, ಗಾಡಿ ನಂಬರ್ ಏನು ಅನ್ನುವುದೂ ಇರುತ್ತದೆ. ದರ ಇರುವುದಿಲ್ಲ. ಮಾಲು ಅದಲು ಬದಲಾಗುವುದು ಹೆಚ್ಚು ಕಡಿಮೆ ನಿಂತೇ ಹೋಗಿದೆ. ಇದಕ್ಕೆ ಕೊಟ್ಟ ದುಡ್ಡಿಗೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಬೇಸರ ಆದದ್ದು ಇದನ್ನು ಮೊದಲು ಬರೆದುಕೊಟ್ಟವರ ಮೇಲೆ. ಟ್ಯಾಲಿಯ ಕಸ್ಟಮೈಸೇಶನ್ ಬರೆಯುವುದು ಟಿಡಿಎಲ್ ಅನ್ನುವ ಅದರದೇ ಭಾಷೆಯಲ್ಲಿ. ಬರೆದದ್ದು ಓದಲು ಬರುವ ಫೈಲ್, ಅದೇ ಸೋರ್ಸ್. ಅದನ್ನು ಕಂಪೈಲ್ ಮಾಡಿದರೆ ಟಿಸಿಪಿ ಫೈಲ್ ಆಗುತ್ತದೆ. ಅದು ಕೆಲಸ ಮಾಡುತ್ತದೆ, ಆದರೆ ತೆರೆದು ತಿದ್ದಲು ಆಗುವುದಿಲ್ಲ. ಬೇಕೆಂದರೆ ಅದನ್ನು ಒಂದೇ ಲೈಸೆನ್ಸ್ ಸೀರಿಯಲ್ ನಂಬರಿಗೆ ಕಟ್ಟಿಹಾಕಲೂ ಬರುತ್ತದೆ. ನಮಗೆ ಕೊಟ್ಟದ್ದು ಬರೀ ಟಿಸಿಪಿ. ಸೋರ್ಸ್ ಕೊಡಿ ಅಂದಾಗ "ನಾನಿದ್ದೀನಲ್ಲ ಸಾರ್, ಯಾವಾಗ ಬೇಕಾದ್ರೂ ಫೋನ್ ಮಾಡಿ" ಅಂದರು. ಆಮೇಲೆ ಅವರು ಊರು ಬಿಟ್ಟರು, ಫೋನ್ ನಂಬರೂ ಬದಲಾಯಿತು. ನಾವು ಪ್ರೈಮ್‌ಗೆ ಹೋದಾಗ ಹಳೇ ಸ್ಲಿಪ್ ಸರಿಯಾಗಿ ಬರಲಿಲ್ಲ. ಪ್ರೈಮ್‌ನಲ್ಲಿ ಮೆನು, ಪರದೆಗಳೆಲ್ಲ ಬೇರೆ ಥರ ಜೋಡಿಸಿರುವುದರಿಂದ ಹಳೇ ಟಿಡಿಎಲ್ ತಿದ್ದಬೇಕಾಗುವುದು ಸಹಜವೇ. ಆದರೆ ತಿದ್ದಲು ಫೈಲ್ ಇರಬೇಕು ಅಲ್ವಾ?

ಹೊಸದಾಗಿ ಬರೆಯಲು ಬಂದ ಹುಡುಗ ಮೊದಲು ಮಾಡಿದ ಕೆಲಸ ನೋಡಿಯೇ ಅವನ ಮೇಲೆ ನಂಬಿಕೆ ಬಂತು. ಗಾಡಿ ನಂಬರ್ ಥರದ ನಾವೇ ಸೇರಿಸಿದ ಕಾಲಂಗಳಿಗೆ ಯುಡಿಎಫ್ ಅನ್ನುತ್ತಾರೆ. ಪ್ರತಿ ಯುಡಿಎಫ್‌ಗೂ ಒಳಗೊಂದು ನಂಬರ್ ಇರುತ್ತದೆ. ಹೊಸ ಪ್ರೋಗ್ರಾಮ್‌ನಲ್ಲಿ ಅದೇ ನಂಬರ್ ಕೊಡದಿದ್ದರೆ ಹಳೇ ಬಿಲ್ಲುಗಳ ಗಾಡಿ ನಂಬರ್ ಕಾಣುವುದಿಲ್ಲ. ಡೇಟಾ ಎಲ್ಲೂ ಹೋಗಿರುವುದಿಲ್ಲ, ಆದರೆ ಕಣ್ಣಿಗೆ ಬೀಳುವುದಿಲ್ಲ. ಅವನು ಹಳೇ ವರ್ಷನ್‌ನಲ್ಲಿ ಒಂದು ಬಿಲ್ ತೆರೆದು ಎಕ್ಸ್‌ಎಂಎಲ್ ಅನ್ನುವ, ಓದಲು ಬರುವ ಫೈಲ್ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಿ, ಅದರೊಳಗೆ ಆ ನಂಬರ್ ಹುಡುಕಿ ಚೀಟಿಯಲ್ಲಿ ಬರೆದುಕೊಂಡ. ಅದನ್ನೇ ಹೊಸದರಲ್ಲಿ ಹಾಕಿದ. ಹಳೇ ಬಿಲ್ಲುಗಳಲ್ಲಿ ಗಾಡಿ ನಂಬರ್ ಮತ್ತೆ ಬಂತು. ಕಸ್ಟಮೈಸೇಶನ್ ಮಾಡುವವರನ್ನು ಆರಿಸುವಾಗ "ಹಳೇ ಯುಡಿಎಫ್ ಡೇಟಾ ಏನು ಮಾಡ್ತೀರಿ?" ಅಂತ ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ.

ಕೆಲಸ ಮುಗಿದಾಗ ಟಿಡಿಎಲ್ ಸೋರ್ಸ್, ಯುಡಿಎಫ್ ನಂಬರುಗಳ ಪಟ್ಟಿ, ಎರಡನ್ನೂ ಪೆನ್‌ಡ್ರೈವ್‌ನಲ್ಲಿ ಕೊಟ್ಟ. ಕೊನೇ ಕಂತು ಕೊಟ್ಟದ್ದು ಅದು ಕೈಗೆ ಬಂದ ಮೇಲೆಯೇ. ಕಂತು ಕೊಟ್ಟಾದ ಮೇಲೆ ಸೋರ್ಸ್ ಕೇಳಿದರೆ ಯಾರೂ ಕೊಡಲ್ಲ.

ಬಿಲ್ ಫಾರ್ಮ್ಯಾಟ್ ಬಗ್ಗೆಯೂ ಒಂದು ಮಾತು. ನಮ್ಮ ಮೊದಲಿನ ಬಿಲ್ ತುಂಬಾ ಚೆಂದವಿತ್ತು. ಮೇಲೆ ಲಕ್ಷ್ಮಿ ಚಿತ್ರ, ಸುತ್ತ ಗೆರೆ, ಕೆಳಗೆ ನಮ್ಮದೇ ಷರತ್ತುಗಳು. 2023ರ ಆಗಸ್ಟ್ 1ರಿಂದ ವರ್ಷದ ವಹಿವಾಟು 5 ಕೋಟಿ ದಾಟಿದವರಿಗೆ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು, ಕಡ್ಡಾಯವಾಯಿತು. ಅಕ್ಕಿ ಹೋಲ್‌ಸೇಲ್‌ನಲ್ಲಿ ಲಾಭ ಕಡಿಮೆ ಇದ್ದರೂ 5 ಕೋಟಿ ವಹಿವಾಟು ಬೇಗ ಆಗಿಬಿಡುತ್ತದೆ. ಪೋರ್ಟಲ್ ಕೊಡುವ ಬಿಲ್ ಗುರುತಿನ ನಂಬರ್ (ಐಆರ್‌ಎನ್), ಕ್ಯೂಆರ್ ಕೋಡ್ ಎಲ್ಲ ಟ್ಯಾಲಿಯಿಂದಲೇ ಬರುತ್ತದೆ. ಆದರೆ ನಮ್ಮ ಚೆಂದದ ಬಿಲ್ಲಿನಲ್ಲಿ ಕ್ಯೂಆರ್‌ಗೆ ಜಾಗವೇ ಇರಲಿಲ್ಲ. ಟ್ಯಾಲಿಯ ಸಾದಾ ಫಾರ್ಮ್ಯಾಟಿಗೇ ವಾಪಸ್ ಹೋದೆವು. ಕಾನೂನು ಬದಲಾದಾಗ ಅದು ಅಪ್‌ಡೇಟ್ ಜೊತೆಗೇ ಬದಲಾಗುತ್ತದೆ, ನಾವು ಯಾರಿಗೂ ಫೋನ್ ಮಾಡಬೇಕಿಲ್ಲ. ತೆರಿಗೆಗೆ ಸಂಬಂಧಿಸಿದ ಯಾವ ಕಾಗದವನ್ನೂ ಕಸ್ಟಮೈಸ್ ಮಾಡಿಸಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಗೋಡೌನ್ ಒಳಗೇ ಉಳಿಯುವ ಕಾಗದ ಬೇಕಾದರೆ ಮಾಡಿಸಿಕೊಳ್ಳಿ.

ಲೈಸೆನ್ಸ್ ಒಮ್ಮೆ ಕೊಂಡರೆ ನಿಮ್ಮದೇ. ಹೊಸ ರಿಲೀಸ್ ಬೇಕಾದರೆ ಟಿಎಸ್‌ಎಸ್ ಅನ್ನುವ ಚಂದಾ ಚಾಲ್ತಿಯಲ್ಲಿರಬೇಕು. ಸಿಲ್ವರ್ ಒಂದು ಕಂಪ್ಯೂಟರಿಗೆ, ಗೋಲ್ಡ್ ಅಂಗಡಿಯ ನೆಟ್‌ವರ್ಕಿನ ಹಲವು ಕಂಪ್ಯೂಟರಿಗೆ. ಜಿಎಸ್‌ಟಿ ನಿಯಮ ಇಷ್ಟು ಬದಲಾಗುವಾಗ ಟಿಎಸ್‌ಎಸ್ ನಿಲ್ಲಿಸುವುದು ಉಳಿತಾಯವಲ್ಲ.

ಅಪ್‌ಗ್ರೇಡ್ ವಿಷಯಕ್ಕೆ ಬಂದರೆ, ಪ್ರೈಮ್‌ನ 3.0 ರಿಲೀಸ್‌ಗೆ ಹೋಗುವಾಗ ಡೇಟಾವನ್ನೇ ಹೊಸ ರೂಪಕ್ಕೆ ಬದಲಾಯಿಸಬೇಕಿತ್ತು. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಕೂತೆವು. ಡೇಟಾ ಫೋಲ್ಡರ್ ಅನ್ನು ಬೇರೆ ಕಂಪ್ಯೂಟರಿಗೆ ಕಾಪಿ ಮಾಡಿ, ಮೊದಲು ಅಲ್ಲಿ ಬದಲಾಯಿಸಿದೆವು. ಟ್ರಯಲ್ ಬ್ಯಾಲೆನ್ಸ್, ಸ್ಟಾಕ್ ಸಮರಿ, ಗಿರಾಕಿಗಳ ಬಾಕಿ ಪಟ್ಟಿ, ಈ ಮೂರನ್ನೂ ಹಳೇದರಿಂದ ಪ್ರಿಂಟ್ ತೆಗೆದು ಹೊಸದರ ಪಕ್ಕ ಇಟ್ಟು ಸಾಲು ಸಾಲಾಗಿ ಟಿಕ್ ಹಾಕಿದೆವು. ಎಲ್ಲ ಸರಿ ಬಂದ ಮೇಲೆಯೇ ಅಂಗಡಿಯ ಕಂಪ್ಯೂಟರ್ ಮುಟ್ಟಿದ್ದು. ಮಾರ್ಚ್‌ನಲ್ಲಿ, ರಿಟರ್ನ್ ಹಾಕುವ ವಾರದಲ್ಲಿ ನಾವು ಅಪ್‌ಗ್ರೇಡ್ ಮಾಡುವುದೇ ಇಲ್ಲ. ಹೊಸ ರಿಲೀಸ್ ಬಂದ ಕೂಡಲೇ ಹಾಕಿಕೊಳ್ಳುವುದೂ ಇಲ್ಲ. ಲೋಡಿಂಗ್ ಸ್ಲಿಪ್ ಅದರಲ್ಲಿ ಓಡುತ್ತದೆಯೇ ಅಂತ ಆ ಹುಡುಗ ನೋಡಿ ಹೇಳಿದ ಮೇಲೆ ಹಾಕುತ್ತೇವೆ.

ನನ್ನ ಲೆಕ್ಕದಲ್ಲಿ ಟ್ಯಾಲಿಗೆ ಐದಕ್ಕೆ ನಾಲ್ಕೂವರೆ. ದಿನಕ್ಕೆ ಹತ್ತಿಪ್ಪತ್ತು ಬಿಲ್ ಮಾಡುವ ಚಿಕ್ಕ ಅಂಗಡಿಯಾದರೆ ಯಾವ ಕಸ್ಟಮೈಸೇಶನ್ನೂ ಇಲ್ಲದೆ ಹಾಗೇ ಬಳಸಿ. ಗೋಡೌನ್, ಗಾಡಿ, ಹಮಾಲಿ ಇರುವ ಮಂಡಿಯವರಾದರೆ ಲೋಡಿಂಗ್ ಸ್ಲಿಪ್ ಒಂದನ್ನು ಖಂಡಿತ ಬರೆಸಿ, ಕನ್ನಡದಲ್ಲೇ ಬರೆಸಿ.