ಕಿಂಡಿಗೆ ಬಗ್ಗಿ ಬಗ್ಗಿ ಸೊಂಟ ಹಿಡಿಯಿತು

ಮಗಳ ಸ್ಕಾಲರ್‌ಶಿಪ್‌ಗೆ ಜಾತಿ-ಆದಾಯ ಪ್ರಮಾಣಪತ್ರ ಬೇಕಿತ್ತು. ಅದಕ್ಕಾಗಿ ಧಾರವಾಡದ ಒಂದು ಸರ್ಕಾರಿ ಸೇವಾ ಕೇಂದ್ರಕ್ಕೆ ಮೂರು ಸಲ ಅಲೆದೆ. ಯಾವ ಕೇಂದ್ರ ಅಂತ ಹೇಳಲ್ಲ, ಅಲ್ಲಿ ಕೂತವರ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರುವುದು ಕಿಂಡಿಯ ಮೇಲೆ.

ಕೌಂಟರಿಗೆ ಗಾಜು ಹಾಕಿದ್ದಾರೆ. ಅದರಲ್ಲಿ ಒಂದು ಗೇಣು ಅಗಲದ ತೂತು, ಅದೂ ನನ್ನ ಹೊಟ್ಟೆಯ ಮಟ್ಟಕ್ಕೆ. ಒಳಗೆ ಕುರ್ಚಿಯಲ್ಲಿ ಕೂತ ಆಪರೇಟರ್‌ಗೆ ಸರಿಯಾಗಿ ಬಾಯಿ ಹತ್ತಿರ ಬರುತ್ತದೆ. ಹೊರಗೆ ನಿಂತವರು ಬಗ್ಗಲೇಬೇಕು. ಮಾತಾಡುವಾಗ ತೂತಿಗೆ ಬಾಯಿ ಕೊಡಬೇಕು, ಕೇಳುವಾಗ ಕಿವಿ. ನನ್ನ ಮುಂದೆ ಹಳ್ಳಿಯಿಂದ ಬಂದ ಅಜ್ಜ ಒಬ್ಬರಿದ್ದರು, ಮೊಣಕಾಲು ನೋವು ಬೇರೆ, ಒಂದು ಕೈಯಲ್ಲಿ ಟೊಪ್ಪಿಗೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಅದೇ ಕಸರತ್ತು ಮಾಡುತ್ತಿದ್ದರು.

"ರೇಷನ್ ಕಾರ್ಡಿನ್ಯಾಗ ಬಸಪ್ಪ ಐತ್ರಿ ಅಜ್ಜಾರ, ಆಧಾರಿನ್ಯಾಗ ಬಸವಣ್ಣೆಪ್ಪ ಐತಿ."

"ಎರಡೂ ನಾನ ಅದೀನಲ್ಲಪಾ!"

ಸಾಲಿನಲ್ಲಿದ್ದವರೆಲ್ಲ ನಕ್ಕೆವು. ಅಜ್ಜ ನಗಲಿಲ್ಲ. ಅವರ ಒಂದು ದಿನ ಹೋಗಿತ್ತು.

ನನ್ನದೂ ಹೆಚ್ಚು ಕಡಿಮೆ ಅದೇ ಕತೆ. ಮೊದಲ ಸಲ ಒಂದು ಕಾಗದ ಇಲ್ಲ, ಎರಡನೇ ಸಲ ಇನ್ನೊಂದು ಇಲ್ಲ. ಎರಡನ್ನೂ ಮೊದಲ ದಿನವೇ ಹೇಳಬಹುದಿತ್ತಲ್ವಾ? ಗೋಡೆಯ ಮೇಲೆ ಬೋರ್ಡ್ ಏನೋ ಇದೆ. ಆದರೆ ಅದು ಯಾವ ಸೇವೆಗೆ ಎಷ್ಟು ದಿನ ಅಂತ ಹೇಳುತ್ತದೆ, ಏನು ತರಬೇಕು ಅಂತ ಹೇಳುವುದಿಲ್ಲ.

ಅರ್ಜಿ ಒಳಗೆ ಹೋದ ಮೇಲೆ ಮಾತ್ರ ದೂರುವ ಹಾಗಿಲ್ಲ. ಸರ್ಕಾರಿ ಸೇವೆ ಗಡುವಿನೊಳಗೆ ಕೊಡಬೇಕು ಅನ್ನುವ ಸಕಾಲ ಯೋಜನೆಯ 15 ಅಂಕಿಯ ನಂಬರ್ ಬಂತು, ಮೊಬೈಲಿಗೆ ಮೆಸೇಜ್ ಬಂತು, ಗಡುವಿಗೆ ಮೊದಲೇ ಪ್ರಮಾಣಪತ್ರ ಕೈಗೆ ಬಂತು. ಅದರ ಮೇಲಿನ ಆರ್‌ಡಿ ನಂಬರನ್ನು, ಅಂದರೆ ಪ್ರಮಾಣಪತ್ರದ ಗುರುತಿನ ಸಂಖ್ಯೆಯನ್ನು, ಮಗಳು ತಾನೇ ಸ್ಕಾಲರ್‌ಶಿಪ್ ಅರ್ಜಿಗೆ ಹಾಕಿದಳು. 2011ರ ಸಕಾಲ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿ, ಜಾಸ್ತಿ ಅಂದರೆ 500 ರೂಪಾಯಿ ಪರಿಹಾರ ಇದೆ. ಒಳ್ಳೆಯದೇ. ಆದರೆ ಆ ಲೆಕ್ಕ ಶುರುವಾಗುವುದು ಅರ್ಜಿ ತಗೊಂಡು ನಂಬರ್ ಕೊಟ್ಟ ಮೇಲೆ. ಕಿಂಡಿಯಿಂದಲೇ ವಾಪಸ್ ಬಂದ ನನ್ನ ಎರಡು ದಿನ, ಅಜ್ಜನ ಒಂದು ದಿನ ಯಾವ ಕಂಪ್ಯೂಟರಿನಲ್ಲೂ ಇಲ್ಲ. ದಾಖಲೆ ನೋಡಿದರೆ ನನ್ನ ಕೆಲಸ ಒಂದು ದಿನವೂ ತಡವಾಗಿಲ್ಲ!

ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವರ ವಿಶ್ವವಿದ್ಯಾಲಯ ವಿಟಿಯು ಸಿಲಬಸ್‌ನಲ್ಲಿ ಡಿಸೈನ್ ಥಿಂಕಿಂಗ್ ಅಂತ ಒಂದು ವಿಷಯವೇ ಇದೆ. ಮೊದಲು ಬಳಸುವವರ ಜೊತೆ ನಿಂತು ನೋಡಬೇಕು, ತೊಂದರೆ ಎಲ್ಲಿದೆ ಅಂತ ಹಿಡಿಯಬೇಕು, ಅಗ್ಗದಲ್ಲಿ ಒಂದು ಮಾದರಿ ಮಾಡಿ ಜನರ ಕೈಗೆ ಕೊಡಬೇಕು, ಸರಿ ಹೋಗದಿದ್ದರೆ ತಿದ್ದಬೇಕು ಅಂತ ಅವನು ಪಾಠ ಒಪ್ಪಿಸಿದಾಗ ನನಗೆ ನೆನಪಾದದ್ದು ಕೇಂದ್ರದ ಎದುರಿನ ಝೆರಾಕ್ಸ್ ಅಂಗಡಿಯವನು.

ಅವನು ಕಾಗದ ಕೈಗೆ ತಗೊಳ್ಳುವ ಮೊದಲೇ "ಎದಕ್ ಬೇಕ್ರಿ? ಯಾರ ಹೆಸರ್‍ಲೆ?" ಅಂತ ಕೇಳುತ್ತಾನೆ. ಆಧಾರ್, ರೇಷನ್ ಕಾರ್ಡ್ ಪಕ್ಕ ಪಕ್ಕ ಇಟ್ಟು ಹೆಸರಿನ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸುತ್ತಾನೆ. ಅಂಗಡಿ ಮುಂದೆ ಒಂದು ರಟ್ಟು ತೂಗುಹಾಕಿದ್ದಾನೆ. ಯಾವುದಕ್ಕೆ ಏನು ಬೇಕು ಅಂತ ಸ್ಕೆಚ್ ಪೆನ್ನಿನಲ್ಲಿ ಬರೆದು, ಹೊಡೆದು, ಮತ್ತೆ ಬರೆದು ಗಿಜಿಗಿಜಿ ಮಾಡಿದ್ದಾನೆ. ಯಾರಾದರೂ ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದರೆ ಯಾಕೆ ಅಂತ ಕೇಳಿ ಇನ್ನೊಂದು ಸಾಲು ಸೇರಿಸುತ್ತಾನಂತೆ. ಸಿಲಬಸ್ ಪೂರ್ತಿ ಆ ರಟ್ಟಿನ ಮೇಲಿದೆ.

ನಮ್ಮೂರಲ್ಲಿ ಇದು ಆಗದ ಕೆಲಸ ಏನಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನೇ ನೋಡಿ. ಪ್ಲಾಟ್‌ಫಾರ್ಮ್ ಬಸ್ಸಿನ ನೆಲದ ಮಟ್ಟಕ್ಕೇ ಇದೆ, ಅಜ್ಜಿಯಂದಿರು ಸೀರೆ ನೆರಿಗೆ ಎತ್ತದೆ ಸುಮ್ನೆ ನಡೆದು ಒಳಗೆ ಹೋಗುತ್ತಾರೆ. ಯಾರೋ ಮೊಣಕಾಲಿನ ಬಗ್ಗೆ ಯೋಚನೆ ಮಾಡಿದ್ದಾರೆ. ಕಿಂಡಿ ಮಾಡಿದವರು ಮಾಡಿಲ್ಲ. ಎರಡು ಸ್ಟೂಲ್ ಹಾಕಿದ್ದರೂ ಸಾಕಿತ್ತು.

ಕೇಂದ್ರಕ್ಕೆ 5ರಲ್ಲಿ 3, ಅದೂ ಗಾಜಿನ ಒಳಗಿನ ಕೆಲಸಕ್ಕೆ. ಝೆರಾಕ್ಸ್ ಅಂಗಡಿಗೆ 5ಕ್ಕೆ 5. ಹೋಗುವವರು ಮೊದಲು ಆ ರಟ್ಟಿನ ಫೋಟೊ ತೆಗೆದುಕೊಳ್ಳಿ, ಆಮೇಲೆ ಟೋಕನ್. ಊಟದ ಹೊತ್ತಿಗೆ ಮಾತ್ರ ಹೋಗಬೇಡಿ, ಅವನೂ ಅಂಗಡಿ ಬಾಗಿಲು ಹಾಕಿಕೊಂಡು ಮನೆಗೆ ಹೋಗಿರುತ್ತಾನೆ.