ಆರ್‌ಒ ಮಷಿನ್‌ನ ಎಎಂಸಿ: ಮೂರು ವರ್ಷ ಕಟ್ಟಿದೆ, ಎರಡು ವರ್ಷದಿಂದ ಬಿಟ್ಟಿದ್ದೇನೆ

ವಿಜಯಪುರದಲ್ಲಿ ನಮ್ಮ ಮನೆ ಇರುವುದು ಜಲನಗರದಲ್ಲಿ. ಜಲ ಇರುವುದು ಹೆಸರಲ್ಲಿ. ನಮ್ಮ ಬೋರ್ ನೀರಲ್ಲಿ ತೊಗರಿಬೇಳೆ ಇಟ್ಟರೆ ಕುಕ್ಕರ್ ಎಷ್ಟು ಕೂಗಿದರೂ ಬೇಳೆ ಬೇಳೆಯಾಗಿಯೇ ಇರುತ್ತದೆ. ಕೊಲ್ಹಾರದ ಕಡೆಯಿಂದ ಕೃಷ್ಣೆಯ ನೀರು ನಳಕ್ಕೆ ಬಂದ ದಿನ ಸಾರಿನ ರುಚಿಯೇ ಬೇರೆ. ಉಳಿದ ದಿನಗಳಿಗೆ ಅಂತ 2019ರಲ್ಲಿ ನೀರು ಶುದ್ಧ ಮಾಡುವ ಆರ್‌ಒ ಮಷಿನ್ ಹಾಕಿಸಿದೆವು. ಮಷಿನ್ ಬಗ್ಗೆ ದೂರಿಲ್ಲ. ದೂರು ಇರುವುದು ಅದರ ಎಎಂಸಿ ಬಗ್ಗೆ, ಅಂದರೆ ವರ್ಷಕ್ಕಿಷ್ಟು ಅಂತ ಕಟ್ಟಿ ಮಾಡಿಕೊಳ್ಳುವ ನಿರ್ವಹಣೆಯ ಒಪ್ಪಂದದ ಬಗ್ಗೆ.

ವಾರಂಟಿ ಮುಗಿದ ಮೇಲೆ ಕಂಪನಿಯವರದೇ ಎಎಂಸಿ ತಗೊಂಡೆ, ಬಿಡಿಭಾಗವೆಲ್ಲ ಸೇರಿದ್ದು. 4,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 4,720. ಮೊದಲೆರಡು ವರ್ಷ ಚಿಂತೆಯೇ ಇರಲಿಲ್ಲ. ಮೂರು ತಿಂಗಳಿಗೊಮ್ಮೆ ಹುಡುಗ ಬರುತ್ತಿದ್ದ. ಹೊರಗಿನ ಫಿಲ್ಟರ್ ಬಿಚ್ಚಿದರೆ ಒಳಗೆ ಬೆಳ್ಳಗಿದ್ದ ದಾರದ ಉಂಡೆ ಇಟ್ಟಿಗೆ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಬೆರಳಿಗೆ ನುಣುಪು ಕೆಸರು ಅಂಟುತ್ತಿತ್ತು. ಅದನ್ನು ನೋಡಿದಾಗ ಕೊಟ್ಟ ದುಡ್ಡು ದಂಡ ಅಂತ ಅನ್ನಿಸುತ್ತಿರಲಿಲ್ಲ.

ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ತಗೊಳ್ಳಿ ಅಂದವನೂ ಅವನೇ. ಆವತ್ತಿನಿಂದ ನನಗೊಂದು ಚಟ ಅಂಟಿತು. ಬೆಳಿಗ್ಗೆ ಚಹಾಕ್ಕೆ ನೀರು ಹಿಡಿಯುವ ಮೊದಲು ಸ್ಟೀಲ್ ಲೋಟದಲ್ಲಿ ಮೀಟರ್ ಅದ್ದೋದು, ಹಾಲಿನ ಲೆಕ್ಕದ ಕ್ಯಾಲೆಂಡರ್‌ನ ಅದೇ ಚೌಕದಲ್ಲಿ ಅಂಕಿ ಬರೆಯೋದು. ನಮ್ಮ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ, "ಮುಂಜಾನೆದ್ದು ನೀರಿನ ಜ್ವರ ನೋಡ್ತಾಳ ನಮ್ಮಾಕಿ."

ಬೋರ್ ನೀರು 1,150. ಮಷಿನ್‌ನಿಂದ ಬರುತ್ತಿದ್ದದ್ದು 110ರ ಆಸುಪಾಸು. ಮೂರನೇ ವರ್ಷದ ಕೊನೆಗೆ ಅದು 210 ತಲುಪಿತು. ಹಾಗೆ ನೋಡಿದರೆ ಗಾಬರಿಯಾಗುವ ಅಂಕಿಯಲ್ಲ, ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಇಟ್ಟ ಮಿತಿಯೇ 500. ಆದರೆ ಏರುತ್ತಿದೆ ಅಂದರೆ ಸಾಮಾನ್ಯವಾಗಿ ಮೆಂಬ್ರೇನ್, ಅಂದರೆ ಲವಣ ತಡೆಯುವ ಒಳಗಿನ ಪೊರೆ, ಸೋತಿದೆ ಅಂತ ಅರ್ಥ. ಮೆಂಬ್ರೇನೂ ಎಎಂಸಿಯಲ್ಲಿ ಸೇರಿತ್ತು. ಫೋನ್ ಮಾಡಿದೆ. ಈ ಸಲ ಬೇರೆ ಹುಡುಗ ಬಂದ. ಮುಚ್ಚಳ ತೆಗೆದು ಏನೋ ತಿರುವಿದ, ಮೀಟರ್ ಅದ್ದಿ ತೋರಿಸಿದ: 120. "ಮೆಂಬ್ರೇನ್ ಇನ್ನೂ ಗಟ್ಟಿ ಐತ್ರಿ ಅಕ್ಕಾರ" ಅಂದ. ನಾನು ಅವನಿಗೆ ಚಹಾ ಬೇರೆ ಕೊಟ್ಟೆ!

ಎರಡೇ ತಿಂಗಳಲ್ಲಿ ಎಎಂಸಿ ಮುಗಿಯಿತು. ಅದೇ ವಾರ ಫೋನ್ ಬಂತು: ನಿಮ್ಮ ಮೆಂಬ್ರೇನ್ ಬದಲಿಸುವ ಸಮಯ ಬಂದಿದೆ ಮೇಡಂ, ಇವತ್ತೇ ರಿನ್ಯೂ ಮಾಡಿಸಿದರೆ ಅದು ಫ್ರೀ. ಎರಡು ತಿಂಗಳ ಹಿಂದೆ ಗಟ್ಟಿ ಇದ್ದದ್ದು ರಾತ್ರೋರಾತ್ರಿ ಸತ್ತಿತಾ? ಬೇಡ ಅಂದೆ. 4,720 ಇದ್ದದ್ದು 3,900ಕ್ಕೆ ಇಳಿಯಿತು. ಆಮೇಲೆ 3,300. ಸಂತೆಯಲ್ಲಿ ಸಂಜೆ ಹೊತ್ತಿಗೆ ಮೆಂತ್ಯ ಸಿವುಡಿನ ರೇಟ್ ಇಳಿದ ಹಾಗೆ. ಹಾಗಾದರೆ ಮೂರು ವರ್ಷ ನಾನು ಸುಮ್ನೆ ಕಟ್ಟಿದ್ದು ಯಾವ ರೇಟು?

ಗಾಂಧಿ ಚೌಕದ ಹತ್ತಿರದ ಒಬ್ಬ ಮೆಕ್ಯಾನಿಕ್‌ನನ್ನು ಪಕ್ಕದ ಮನೆಯವರು ತೋರಿಸಿದರು. ಮುಚ್ಚಳ ತೆಗೆದವರೇ ಕೇಳಿದರು, "ಈ ಸ್ಕ್ರೂ ಯಾರ್ ಬಿಗಿ ಮಾಡ್ಯಾರ್ರಿ?" ಆರ್‌ಒ ನೀರು ತೀರಾ ಸಪ್ಪೆ ಆಗಬಾರದು ಅಂತ ಸ್ವಲ್ಪ ಬೋರ್ ನೀರನ್ನು ಮೆಂಬ್ರೇನ್ ದಾಟಿಸದೆ ಬೆರೆಸುವ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಪೂರ್ತಿ ಮುಚ್ಚಿದರೆ ಅಂಕಿ ತಾನೇ ಇಳಿಯುತ್ತದೆ. ಮೆಂಬ್ರೇನ್ ಮಾತ್ರ ಸೋತದ್ದು ಸೋತಂತೆಯೇ. ಹೊಸ ಮೆಂಬ್ರೇನ್ ಹಾಕಿದಾಗ ಸ್ಕ್ರೂ ಮುಚ್ಚಿಯೇ 35 ಬಂತು. ಬಾಯಿಗೆ ಹಾಕಿದರೆ ಏನೂ ಇಲ್ಲದ ನೀರು. ಸ್ಕ್ರೂ ಸ್ವಲ್ಪ ಸಡಿಲಿಸಿ 90ಕ್ಕೆ ತಂದುಕೊಟ್ಟರು.

ಆ ವರ್ಷ ಮೆಂಬ್ರೇನ್ 1,600, ಫಿಲ್ಟರ್ 900, ಕೂಲಿ 300. ಮರುವರ್ಷ ಫಿಲ್ಟರ್ ಮತ್ತು ಒಂದು ಅಡಾಪ್ಟರ್ ಸೇರಿ 1,450. ಎರಡು ವರ್ಷಕ್ಕೆ 4,250. ಎಎಂಸಿ ಆಗಿದ್ದರೆ ಹಳೇ ರೇಟಿನಲ್ಲೇ 9,440.

ಇಷ್ಟು ಹೇಳಿದ ಮೇಲೆ ಆ ಅಡಾಪ್ಟರ್ ಕಥೆಯನ್ನೂ ಹೇಳಬೇಕು. ಅದು ಸುಟ್ಟದ್ದು ಸಂಕ್ರಾಂತಿಯ ಹಿಂದಿನ ದಿನ, ಮನೆ ತುಂಬ ನೆಂಟರು. ನಮ್ಮ ಮೆಕ್ಯಾನಿಕ್ ಫೋನ್ ಎತ್ತಿದರು, ಹಿಂದೆ ಎತ್ತುಗಳ ಗಂಟೆ ಸದ್ದು. "ಸಿದ್ದೇಶ್ವರ ಜಾತ್ರ್ಯಾಗ ಅದೀನ್ರಿ ಅಕ್ಕಾರ, ದನದ ವ್ಯಾಪಾರ ಐತಿ, ಮುಗಿಸ್ಕೊಂಡ್ ಬರ್ತೀನ್ರಿ." ಬಂದದ್ದು ಐದನೇ ದಿನ. ಅಲ್ಲಿತನಕ ನಮ್ಮ ಯಜಮಾನರು ಐದು ರೂಪಾಯಿ ನಾಣ್ಯಗಳನ್ನು ಜೇಬಿಗೆ ಹಾಕಿಕೊಂಡು ಶುದ್ಧ ನೀರಿನ ಘಟಕಕ್ಕೆ ಸ್ಕೂಟರ್ ಮೇಲೆ ದಿನಾ ಎರಡು ಕ್ಯಾನ್ ಹೊತ್ತರು. ಎಎಂಸಿ ಇದ್ದಾಗ ಹಬ್ಬದ ದಿನವೂ ಒಬ್ಬ ಹುಡುಗ ಬಂದಿದ್ದ, ಅದನ್ನು ಒಪ್ಪಬೇಕು. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದು ಕ್ಯಾನ್ ಹೊರುವವರು ಇಲ್ಲದಿದ್ದರೆ ನಾನೇ ಎಎಂಸಿ ತಗೊಳ್ಳಿ ಅನ್ನುತ್ತೇನೆ. ಆದರೆ ಮೊದಲ ರೇಟಿಗೆ ಹೂಂ ಅನ್ನಬೇಡಿ. ಮೆಂಬ್ರೇನ್ ಯಾವ ಅಂಕಿ ದಾಟಿದರೆ ಬದಲಿಸುತ್ತಾರೆ ಅನ್ನೋದನ್ನು ಬರೆಸಿಕೊಳ್ಳಿ, ಸ್ಕ್ರೂ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ.

ನಾನಂತೂ ವಾಪಸ್ ಹೋಗುತ್ತಿಲ್ಲ. ಮುಂದಿನ ಸಂಕ್ರಾಂತಿಗೆ ಅಂತ ಒಂದು ಅಡಾಪ್ಟರ್ ಈಗಲೇ ತಂದು ಎಳ್ಳಿನ ಡಬ್ಬಿ ಪಕ್ಕ ಇಟ್ಟಿದ್ದೇನೆ.