ಹೊಸ ಬಿ650 ಬೋರ್ಡ್: ಹಿಂಭಾಗದ ಬಟನ್‌ಗೆ ಐದು ಸ್ಟಾರ್, ಡಬ್ಬಿಗೆ ಒಂದೇ

ಮೊದಲೇ ಹೇಳಿಬಿಡುತ್ತೇನೆ, ಈ ಮದರ್‌ಬೋರ್ಡ್ ಚೆನ್ನಾಗಿದೆ. ಇದನ್ನು ಬರೆಯುತ್ತಿರುವುದೂ ಅದೇ ಬೋರ್ಡ್ ಇರುವ ಕಂಪ್ಯೂಟರ್‌ನಲ್ಲಿ. ಆದರೆ ಬೆಳಿಗ್ಗೆ ಜೋಡಿಸಿ ಮಧ್ಯಾಹ್ನ ಕೆಲಸಕ್ಕೆ ಕೂರುತ್ತೇನೆ ಎಂದುಕೊಂಡು ಕೊಳ್ಳುವವರು ಇದನ್ನು ಪೂರ್ತಿ ಓದಿ. ಕಂಪನಿಯ ಹೆಸರು ಹೇಳುವುದಿಲ್ಲ. ಈ ತೊಂದರೆ ಒಂದೇ ಕಂಪನಿಯದ್ದಲ್ಲ.

ನಾನು ಶಿವಮೊಗ್ಗದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವವನು. 12/36 ಇಂಚು ಶೀಟಿನ ಕರಿಷ್ಮಾ ಆಲ್ಬಂ, 300 ಡಿಪಿಐ, ಒಂದೊಂದು ಫೈಲಿನಲ್ಲಿ ಹತ್ತಾರು ಲೇಯರ್. ಹಳೆಯ ನಾಲ್ಕನೇ ಜನರೇಷನ್ ಐ5 ಕಂಪ್ಯೂಟರ್ ಸೇವ್ ಕೊಟ್ಟರೆ ಕಾಫಿ ಕುಡಿದು ಬರುವಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಅದಕ್ಕೆ ವಿಂಡೋಸ್ 11 ಹಾಕುವ ಹಾಗಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್‌ನಲ್ಲಿ ಮಾಮೂಲಿ ಬೆಂಬಲ ನಿಲ್ಲಿಸಿತು. ಹಾಗಾಗಿ ರೈಜೆನ್ 5 9600ಎಕ್ಸ್ ಪ್ರೊಸೆಸರ್, 32 ಜಿಬಿ ಡಿಡಿಆರ್5 ರ‍್ಯಾಮ್, ಈ ಬಿ650 ಬೋರ್ಡ್ ಮೂರನ್ನೂ ಆನ್‌ಲೈನ್‌ನಲ್ಲಿ ತರಿಸಿದೆ. ಈ ಪ್ರೊಸೆಸರ್ ಡಬ್ಬಿಯಲ್ಲಿ ಕೂಲರ್ ಇರುವುದಿಲ್ಲ, ಬೇರೆಯೇ ಕೊಳ್ಳಬೇಕು. ಇದು ಗೊತ್ತಿಲ್ಲದೆ ಮೂರು ಡಬ್ಬಿ ಮುಂದೆ ಇಟ್ಟುಕೊಂಡು ಕೂತವರು ನನ್ನ ಗೆಳೆಯರಲ್ಲೇ ಇದ್ದಾರೆ.

ಜೋಡಿಸಿ ಆನ್ ಮಾಡಿದರೆ ಫ್ಯಾನ್ ಎಲ್ಲ ತಿರುಗುತ್ತಿವೆ, ಮಾನಿಟರ್‌ನಲ್ಲಿ ಮಾತ್ರ ‘ನೋ ಸಿಗ್ನಲ್’. ಬೀಪ್ ಕೂಡ ಇಲ್ಲ. ಬೀಪ್ ಬರಬೇಕಾದರೆ ಪುಟ್ಟ ಸ್ಪೀಕರ್ ಬೇಕು, ಈಗಿನ ಬೋರ್ಡ್‌ಗಳ ಜೊತೆ ಅದನ್ನು ಕೊಡುವುದು ಕಡಿಮೆ.

ಈ ಬೋರ್ಡ್‌ನ ಅಂಚಿನಲ್ಲಿ ನಾಲ್ಕು ಸಣ್ಣ ಲೈಟ್‌ಗಳಿವೆ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಪಕ್ಕದಲ್ಲೇ ಬರೆದಿದ್ದಾರೆ, ಅಂದರೆ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ವಿಂಡೋಸ್ ಇರುವ ಡ್ರೈವ್. ಆನ್ ಆದಾಗ ಬೋರ್ಡ್ ಒಂದೊಂದನ್ನೇ ಪರೀಕ್ಷೆ ಮಾಡುತ್ತಾ ಹೋಗುತ್ತದೆ, ಎಲ್ಲಿ ನಿಲ್ಲುತ್ತದೋ ಆ ಲೈಟ್ ಆರುವುದಿಲ್ಲ. ನನ್ನದು ಸಿಪಿಯು ಲೈಟಿನಲ್ಲೇ ನಿಂತಿತ್ತು. ಆರ್‌ಜಿಬಿ ಬಣ್ಣದ ದೀಪಕ್ಕೆ ದುಡ್ಡು ಕೊಡುವವರು ಈ ನಾಲ್ಕು ಲೈಟ್ ಇದೆಯಾ ಅಂತ ಯಾಕೆ ಕೇಳುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಸಿಪಿಯು ಲೈಟ್ ಅಂದರೆ ಪ್ರೊಸೆಸರ್ ಕೆಟ್ಟಿದೆ ಅಂತಲೇ ಅಲ್ಲ. ಮೊದಲು ಮೇಲಿನ ಎಡ ಮೂಲೆಯ 8 ಪಿನ್ ಪವರ್ ನೋಡಿದೆ. 24 ಪಿನ್ನಿನದು ದಪ್ಪಗೆ ಕಣ್ಣಿಗೆ ಕಾಣುತ್ತದೆ, ಇದು ಕೂಲರ್ ಹಿಂದೆ ಅಡಗಿರುತ್ತದೆ. ಇದಿಲ್ಲದಿದ್ದರೂ ಫ್ಯಾನ್ ತಿರುಗುತ್ತದೆ, ಪ್ರೊಸೆಸರ್ ಏಳುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಕೇಬಲ್ ಕೂಡ ನೋಡಲು ಹೆಚ್ಚುಕಡಿಮೆ ಇದೇ ಥರ, ಆದರೆ ಒಳಗಿನ ವೈರಿಂಗ್ ಬೇರೆ. ಕೇಬಲ್ ಮೇಲೆ ‘ಸಿಪಿಯು’ ಅಂತ ಬರೆದಿದೆಯಾ ನೋಡಿ. ನನ್ನದು ಸರಿಯಾಗೇ ಇತ್ತು. ಆಮೇಲೆ ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರಗೆ ತೆಗೆದು ಅದರದೇ ರಟ್ಟಿನ ಡಬ್ಬಿಯ ಮೇಲೆ ಇಟ್ಟೆ. ಕೆಳಗೆ ಸ್ಕ್ರೂ ತಾಗಿ ಶಾರ್ಟ್ ಆಗುತ್ತಿದ್ದರೆ ಇದರಲ್ಲಿ ಗೊತ್ತಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ತೆಗೆದು ಎಚ್‌ಡಿಎಂಐಯನ್ನು ನೇರ ಬೋರ್ಡ್‌ಗೇ ಚುಚ್ಚಿದೆ, 9600ಎಕ್ಸ್ ಒಳಗೇ ಸಣ್ಣ ಗ್ರಾಫಿಕ್ಸ್ ಇದೆ. ರ‍್ಯಾಮ್ ಒಂದೇ ಕಡ್ಡಿ, ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್‌ನಲ್ಲಿ. ಗುಂಡು ಬ್ಯಾಟರಿ ತೆಗೆದು ಸಿಮಾಸ್ ಕ್ಲಿಯರ್ ಕೂಡ ಮಾಡಿದೆ, ಅಂದರೆ ಬೋರ್ಡ್‌ನ ಸೆಟ್ಟಿಂಗ್ ಎಲ್ಲ ಅಳಿಸಿ ಮೊದಲಿನ ಹಾಗೆ ಮಾಡಿದೆ. ಲೈಟ್ ಜಪ್ಪಯ್ಯ ಅನ್ನಲಿಲ್ಲ.

ಹೆಲ್ಪ್‌ಲೈನ್‌ಗೆ ಫೋನ್ ಮಾಡಿದೆ. ‘ರ‍್ಯಾಮ್ ತೆಗೆದು ಹಾಕಿ ನೋಡಿ ಸರ್. ಬೋರ್ಡ್ ಪ್ರಾಬ್ಲಂ ಇರಬಹುದು, ಪ್ರೊಸೆಸರ್‌ದೂ ಇರಬಹುದು’ ಎಂದರು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಪ್ರೊಸೆಸರ್ ಯಾವುದು ಅಂತ ಕೇಳಲೇ ಇಲ್ಲ. ಬೋರ್ಡ್ ಹಿಡಿದು ಇಲ್ಲಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಒಳಗೆ ಒಯ್ದು ಬಂದು, ‘ಅಣ್ಣ, ಬೋರ್ಡ್ ಡೆಡ್. ವಾಪಸ್ ಕಳಿಸಿಬಿಡಿ’ ಎಂದ. ಚೆಕಿಂಗ್ ಚಾರ್ಜ್ 300 ರೂಪಾಯಿ. ‘ಬೇರೆ ಎಎಂ5 ಪ್ರೊಸೆಸರ್ ಹಾಕಿ ನೋಡಿದ್ಯಾ?’ ಎಂದು ಕೇಳಿದೆ. ಎಎಂ5 ಅಂದರೆ ಈ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರು. ‘ನಮ್ಮ ಹತ್ರ ಅದು ಎಲ್ಲಿಂದ ಬರಬೇಕು ಅಣ್ಣ’ ಎಂದ. ಅವನನ್ನು ಪೂರ್ತಿ ದೂರುವುದಿಲ್ಲ. ಆದರೆ ಬೇರೆ ಪ್ರೊಸೆಸರ್ ಹಾಕದೆ ಬೋರ್ಡ್ ಡೆಡ್ ಅಂತ ಹೇಳುವುದಕ್ಕೆ 300 ಜಾಸ್ತಿ ಆಯಿತು.

ಅಸಲಿ ವಿಷಯ ದಿನಾಂಕದಲ್ಲಿತ್ತು. ಬಿ650 ಬೋರ್ಡ್‌ಗಳು ಬಂದಿದ್ದು 2022ರ ಅಕ್ಟೋಬರ್‌ನಲ್ಲಿ. ರೈಜೆನ್ 9000 ಬಂದಿದ್ದು 2024ರ ಆಗಸ್ಟ್‌ನಲ್ಲಿ. ಸಾಕೆಟ್ ಎರಡಕ್ಕೂ ಒಂದೇ, ಪ್ರೊಸೆಸರ್ ಸಲೀಸಾಗಿ ಕೂರುತ್ತದೆ. ಆದರೆ ಅದಕ್ಕೂ ಮೊದಲೇ ತಯಾರಾದ ಬೋರ್ಡ್ ಫ್ಯಾಕ್ಟರಿಯಿಂದ ಹೊರಟಾಗ ಅದರೊಳಗಿದ್ದ, ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಸಾಫ್ಟ್‌ವೇರ್ ಆದ ಬಯೋಸ್‌ಗೆ ಈ ಪ್ರೊಸೆಸರ್‌ನ ಗುರುತೇ ಇರುವುದಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ವರ್ಷನ್ ಬೇಕು ಎಂಬ ಪಟ್ಟಿ ಇದೆ. ಟಾರ್ಚ್ ಬಿಟ್ಟು ಬೋರ್ಡ್ ಮೇಲಿನ ಸಣ್ಣ ಸ್ಟಿಕ್ಕರ್ ಓದಿದೆ. ಅದರಲ್ಲಿದ್ದ ವರ್ಷನ್ 2023ರದು. ಅಲ್ಲಿಗೆ ಕಾರಣ ಗೊತ್ತಾಯಿತು.

ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಮಾಲನ್ನು ಹೊಸ ಪ್ರೊಸೆಸರ್ ಜೊತೆ ‘ಕಾಂಬೋ’ ಅಂತ ಮಾರುವವರು ಒಂದು ಸಾಲು ಎಚ್ಚರಿಕೆ ಹಾಕಿದ್ದರೆ ಏನು ಹೋಗುತ್ತಿತ್ತು? ಹೊಸದಾಗಿ ತಯಾರಾದ ಕೆಲವು ಡಬ್ಬಿಗಳ ಮೇಲೆ ‘ರೈಜೆನ್ 9000 ರೆಡಿ’ ಎನ್ನುವ ಸ್ಟಿಕ್ಕರ್ ಬರುತ್ತದೆ. ನನ್ನ ಡಬ್ಬಿಯ ಮೇಲೆ ಅದಿರಲಿಲ್ಲ. ಡಬ್ಬಿಗೆ ಒಂದು ಸ್ಟಾರ್ ಕೊಟ್ಟಿದ್ದು ಇದಕ್ಕೇ.

ಈಗ ಐದು ಸ್ಟಾರ್‌ನ ಮಾತು. ಬೋರ್ಡ್ ಹಿಂಭಾಗದಲ್ಲಿ, ಯುಎಸ್‌ಬಿ ಪೋರ್ಟ್‌ಗಳ ಪಕ್ಕ, ಒಂದು ಸಣ್ಣ ಬಟನ್ ಇದೆ. ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್, ಅಂದರೆ ಪೆನ್‌ಡ್ರೈವ್‌ನಿಂದ ಹೊಸ ಬಯೋಸ್ ಹಾಕುವ ಬಟನ್. ಪ್ರೊಸೆಸರ್ ಬೇಡ, ರ‍್ಯಾಮ್ ಬೇಡ, 24 ಪಿನ್ ಮತ್ತು 8 ಪಿನ್ ಪವರ್ ಕೊಟ್ಟರೆ ಸಾಕು. ಪೆನ್‌ಡ್ರೈವ್ ಫ್ಯಾಟ್32ಗೆ ಫಾರ್ಮ್ಯಾಟ್ ಆಗಿರಬೇಕು. ಅದರಲ್ಲಿನ ಬಯೋಸ್ ಫೈಲಿಗೆ ಕಂಪನಿ ಹೇಳಿದ ಹೆಸರನ್ನೇ ಇಡಬೇಕು, ಒಂದಕ್ಷರ ಆಚೀಚೆ ಆದರೂ ಬೋರ್ಡ್ ಅದನ್ನು ಮೂಸಿ ನೋಡುವುದಿಲ್ಲ. ಇದಕ್ಕೆಂದೇ ಗುರುತು ಮಾಡಿದ ಪೋರ್ಟ್‌ಗೇ ಚುಚ್ಚಬೇಕು. ಬಟನ್ ಒತ್ತಿದರೆ ಲೈಟ್ ಮಿಣುಕಲು ಶುರುವಾಗುತ್ತದೆ, ಮುಗಿದಾಗ ತಾನೇ ನಿಲ್ಲುತ್ತದೆ. ಕೆಲವು ನಿಮಿಷದ ಕೆಲಸ. ಆದರೆ ಮಧ್ಯೆ ಕರೆಂಟ್ ಹೋಗಬಾರದು. ಮಲೆನಾಡಿನ ಮಳೆಗಾಲದಲ್ಲಿ ಈ ಮಾತು ಹೇಳಿದರೆ ಜನ ನಗುತ್ತಾರೆ. ಯುಪಿಎಸ್ ಇಲ್ಲದೆ ಆ ಬಟನ್ ಮುಟ್ಟಬೇಡಿ.

ಮತ್ತೆ ಆನ್ ಮಾಡಿದೆ. ಸಿಪಿಯು ಲೈಟ್ ಆರಿತು, ಡಿರ‍್ಯಾಮ್ ಲೈಟ್ ಹತ್ತಿತು. ಹತ್ತಿದ್ದು ಹತ್ತಿದ ಹಾಗೇ ಇದೆ, ಮಾನಿಟರ್ ಕಪ್ಪು. ತುಂಬಾ ಜನ ಪವರ್ ಬಟನ್ ಒತ್ತಿ ಆಫ್ ಮಾಡಿ ಕೆಲಸ ಕೆಡಿಸುವುದು ಇಲ್ಲೇ. ಡಿಡಿಆರ್5 ರ‍್ಯಾಮ್ ಮೊದಲ ಸಲ ಹಾಕಿದಾಗ ಬೋರ್ಡ್ ಅದರ ಟೈಮಿಂಗ್ ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಹಲವು ನಿಮಿಷ ಬೇಕು, ರ‍್ಯಾಮ್ ಜಾಸ್ತಿ ಇದ್ದಷ್ಟೂ ಹೊತ್ತು ಜಾಸ್ತಿ. ಮಧ್ಯೆ ಆಫ್ ಮಾಡಿದರೆ ಮೊದಲಿನಿಂದ ಶುರು. ಸುಮ್ನೆ ಬಿಟ್ಟು ಊಟಕ್ಕೆ ಹೋಗಿ. ನಾನು ಪಕ್ಕದಲ್ಲೇ ಕೂತು ಆ ಲೈಟನ್ನೇ ನೋಡುತ್ತಿದ್ದೆ, ಅದರಿಂದೇನೂ ಬೇಗ ಆಗಲಿಲ್ಲ. ಕೊನೆಗೆ ಬಯೋಸ್ ಸ್ಕ್ರೀನ್ ಬಂತು.

ಆಮೇಲೆ ಬೂಟ್ ಲೈಟಿನದು ಸಣ್ಣ ಗಲಾಟೆ. ಹಳೆಯ ಎಸ್‌ಎಸ್‌ಡಿಯಲ್ಲಿದ್ದ ವಿಂಡೋಸ್, ಡಿಸ್ಕನ್ನು ಭಾಗ ಮಾಡುವ ಹಳೆಯ ಎಂಬಿಆರ್ ಪದ್ಧತಿಯದು, ಹೊಸ ಬೋರ್ಡ್‌ಗೆ ಬೇಕಾದದ್ದು ಹೊಸ ಪದ್ಧತಿ ಜಿಪಿಟಿ. ವಿಂಡೋಸ್‌ನಲ್ಲೇ ಎಂಬಿಆರ್2ಜಿಪಿಟಿ ಎನ್ನುವ ಟೂಲ್ ಇದೆ, ಬ್ಯಾಕಪ್ ತೆಗೆದು ಬದಲಾಯಿಸಬಹುದು. ನಾನು ಹೊಸದಾಗೇ ವಿಂಡೋಸ್ 11 ಹಾಕಿದೆ. ಇನ್‌ಸ್ಟಾಲ್ ಮಾಡುವಾಗ ಇಂಟರ್ನೆಟ್ ಕೇಳುತ್ತದೆ, ಆದರೆ ಈ ಬೋರ್ಡ್‌ನ ಲ್ಯಾನ್‌ಗೂ ವೈ-ಫೈಗೂ ಡ್ರೈವರ್ ಇನ್ನೂ ಬಂದಿರುವುದಿಲ್ಲ. ಫೋನ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು.

ಈಗ ಹೇಗಿದೆ ಅಂದರೆ, ಅದೇ ಆಲ್ಬಂ ಫೈಲ್ ಸೇವ್ ಆಗುವುದು ಕಾಯುವಂಥ ಕೆಲಸವೇ ಅಲ್ಲ. ಬಯೋಸ್‌ನಲ್ಲಿ ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಪೋ ಸೆಟ್ಟಿಂಗ್ ಆನ್ ಮಾಡಿದ ಮೇಲೆ ರ‍್ಯಾಮ್ 6000ದಲ್ಲಿ ಓಡುತ್ತಿದೆ, ಮಾಡದಿದ್ದರೆ 4800ರಲ್ಲೇ ಇರುತ್ತದೆ. ಆನ್ ಮಾಡಿದಾಗೆಲ್ಲ ಲೇಟ್ ಅನ್ನಿಸಿದರೆ ಬಯೋಸ್‌ನಲ್ಲಿ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ನೋಡಿ. ಅದು ಹಳೆಯ ಟ್ರೈನಿಂಗನ್ನೇ ನೆನಪಿಟ್ಟುಕೊಳ್ಳುತ್ತದೆ. ಫ್ಯಾನ್ ಕನೆಕ್ಟರ್ ಇನ್ನೊಂದಿದ್ದರೆ ಚೆನ್ನಾಗಿತ್ತು ಎನ್ನುವುದು ಬಿಟ್ಟರೆ ದೂರಲು ಏನಿಲ್ಲ.

ಸಾಕೆಟ್ ಮೇಲಿರುವ ಕಪ್ಪು ಪ್ಲಾಸ್ಟಿಕ್ ಮುಚ್ಚಳ ಬಿಸಾಡಬೇಡಿ. ಎಎಂ5ರಲ್ಲಿ ಪಿನ್ ಇರುವುದು ಬೋರ್ಡ್‌ನಲ್ಲಿ, ಪ್ರೊಸೆಸರ್‌ನಲ್ಲಲ್ಲ. ನಿಜವಾಗಿಯೂ ವಾಪಸ್ ಕಳಿಸಬೇಕಾಗಿ ಬಂದರೆ ಆ ಮುಚ್ಚಳ ಹಾಕಿಯೇ ಕಳಿಸಬೇಕು, ಒಂದು ಪಿನ್ ಬಾಗಿದ್ದರೂ ವಾರಂಟಿ ಇಲ್ಲ ಎನ್ನುತ್ತಾರೆ. ಇನ್ನು ದುಡ್ಡು ಉಳಿಸಲು ಎ620 ಬೋರ್ಡ್ ನೋಡುತ್ತಿರುವವರು ಕೊಳ್ಳುವ ಮೊದಲು ಹಿಂಭಾಗದ ಫೋಟೋ ದೊಡ್ಡದು ಮಾಡಿ ನೋಡಿ. ಅಗ್ಗದ ಕೆಲವು ಬೋರ್ಡ್‌ಗಳಲ್ಲಿ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವುದಿಲ್ಲ. ಇಲ್ಲದಿದ್ದರೆ ಆರ್ಡರ್ ಮಾಡುವ ಮೊದಲೇ ಮಾರುವವರಿಗೆ ಮೆಸೇಜ್ ಹಾಕಿ, ಬಯೋಸ್ ಯಾವ ವರ್ಷನ್ ಅಂತ ಬರೆಸಿಕೊಳ್ಳಿ.